ಕ್ವೆರಿ ಮಾಲಿನ ಮೇಲೆ, ಷರತ್ತು ಸೀರೆಯ ಮೇಲೆ: ಖಣಗಳು ಪಟ್ಟಿಯಿಂದ ಬಿದ್ದುಹೋಗುವುದೇಕೆ?

ಓದುಗರ ಪ್ರಶ್ನೆ: ಸರ್, ಇಳಕಲ್‌ನಾಗ ನಮ್ಮ ಕಾಕಾರ ಸೀರಿ ಅಂಗಡಿಗೆ ದಾಸ್ತಾನು, ಬಿಲ್ಲಿಂಗ್ ಸಾಫ್ಟ್‌ವೇರ್ ಬರೀಲಿಕ್ಕತ್ತೀನಿ. ಜಾವಾ, ಹೈಬರ್ನೇಟ್ 5 (ಜಾವಾ ಆಬ್ಜೆಕ್ಟ್‌ಗಳನ್ನ ಟೇಬಲ್‌ಗೆ ಜೋಡಿಸೋ ಓಆರ್‌ಎಮ್), ಪೋಸ್ಟ್‌ಗ್ರೆಸ್ ಡೇಟಾಬೇಸ್. ‘ಮಾಲು’ ಪೇರೆಂಟ್ ಕ್ಲಾಸ್, ಅದರ ಕೆಳಗ ಸೀರೆ, ಖಣ, ನೂಲು. ಜಾಯಿನ್ಡ್ ಪದ್ಧತಿ ಇಟ್ಟೀನಿ, ಅಂದ್ರ ಮಾಲಿಗೂ ಪ್ರತಿ ಸಬ್‌ಕ್ಲಾಸಿಗೂ ಬ್ಯಾರೆ ಬ್ಯಾರೆ ಟೇಬಲ್, ಐಡಿಯಿಂದ ಜೋಡಣೆ. ‘ದಡಿ’ ಅನ್ನೋ ಪ್ರಾಪರ್ಟಿ ಸೀರೆಗೆ ಅಷ್ಟೇ ಐತಿ. 3000 ರೂಪಾಯಿ ಒಳಗಿನ ಗೋಮಿ ದಡಿ ಸೀರಿ, ಜೋಡಿ ಆ ದರದೊಳಗಿನ ಎಲ್ಲಾ ಖಣ ಒಂದ ಪಟ್ಟಿಯೊಳಗ ಬೇಕು. ಕ್ರೈಟೀರಿಯಾದಾಗ (ಜಾವಾ ಕೋಡಿನಿಂದ ಕ್ವೆರಿ ಕಟ್ಟೋ ವಿಧಾನ) ರೂಟ್.ಗೆಟ್("ದಡಿ") ಅಂದ್ರ ಎರರ್ ಬರತೈತಿ. ಬಿಲ್ಲಿನ ವರದಿಯೊಳಗ ಟ್ರೀಟ್ ಹಾಕಿ ಜಾಯಿನ್ ಮಾಡಿದ್ರ ಸೀರಿ ಅಷ್ಟೇ ಬರತಾವ, ಖಣ ಎಲ್ಲಾ ಮಾಯ. ಇನ್ನೊಂದು ಕಡೆ ‘ಇನ್‌ಸ್ಟನ್ಸ್‌ಆಫ್ ಸೀರೆ’ ಅಂತ ಕೇಳಿದ್ರ ಸೀರಿ ಇದ್ರೂ ಫಾಲ್ಸ್. ವಿಜಯಪುರದಾಗ ನನ್ನ ಗೆಳೆಯಾ ಒಣದ್ರಾಕ್ಷಿ ಕೋಲ್ಡ್ ಸ್ಟೋರೇಜಿಗೆ ಜಾಂಗೋದಾಗ (ಪೈಥಾನ್ ಫ್ರೇಮ್‌ವರ್ಕ್) ಇಂಥದ ಕೆಲಸ ಮಾಡ್ಯಾನ, ಅವಗೂ ಇದ ತ್ರಾಸ. ಎಲ್ಲಿ ತಪ್ಪೇತಿ?

ಉತ್ತರ: ನಿಮ್ಮ ಮೂರು ತೊಂದರೆಗೆ ಮೂರು ಬೇರೆ ಬೇರೆ ಕಾರಣಗಳಿವೆ. ಮೊದಲಿನದು ಭಾಷೆಯ ನಿಯಮ, ಎರಡನೆಯದು ಜಾಯಿನ್‌ನ ಸ್ವಭಾವ, ಮೂರನೆಯದು ಹೈಬರ್ನೇಟ್ ಆಬ್ಜೆಕ್ಟ್ ತಯಾರಿಸುವ ರೀತಿ. ಒಂದಕ್ಕೆ ಹಚ್ಚಿದ ಔಷಧ ಇನ್ನೊಂದಕ್ಕೆ ನಾಟುವುದಿಲ್ಲ. ಕೆಳಗಿನ ಕೋಡನ್ನು ಓದಲು ಅನುಕೂಲವಾಗಲೆಂದು ಕನ್ನಡ ಅಕ್ಷರಗಳಲ್ಲೇ ಕೊಟ್ಟಿದ್ದೇನೆ. ಟೈಪ್ ಮಾಡುವಾಗ ಕೀವರ್ಡ್‌ಗಳು ಇಂಗ್ಲಿಷ್ ಅಕ್ಷರದಲ್ಲೇ ಇರಬೇಕು.

ಸಬ್‌ಕ್ಲಾಸಿನ ಪ್ರಾಪರ್ಟಿಯ ಮೇಲೆ ಷರತ್ತು ಹಾಕಿದಾಗ ನೀವು ಒಂದಲ್ಲ, ಎರಡು ಪ್ರಶ್ನೆ ಕೇಳುತ್ತಿರುತ್ತೀರಿ. ಈ ಮಾಲು ಸೀರೆಯೇ ಎಂಬುದು ಒಂದು. ಸೀರೆಯಾದರೆ ಅದರ ದಡಿ ಗೋಮಿಯೇ ಎಂಬುದು ಇನ್ನೊಂದು. ಮೊದಲ ಪ್ರಶ್ನೆಗೆ ‘ಅಲ್ಲ’ ಎಂಬ ಉತ್ತರ ಬಂದ ಸಾಲನ್ನು ಏನು ಮಾಡಬೇಕು, ಇಟ್ಟುಕೊಳ್ಳಬೇಕೋ ಕೈಬಿಡಬೇಕೋ, ಎಂದು ನೀವು ಬರೆದು ಹೇಳಬೇಕು. ಹೇಳದಿದ್ದರೆ ಡೇಟಾಬೇಸ್ ತನ್ನ ನಿಯಮದಂತೆ ತೀರ್ಮಾನಿಸುತ್ತದೆ, ಅದು ಸಾಮಾನ್ಯವಾಗಿ ಕೈಬಿಡುವ ತೀರ್ಮಾನವೇ. ನಿಮ್ಮ ಖಣಗಳು ಹೋದದ್ದು ಹೀಗೆಯೇ.

ಮೊದಲು ಎರರ್ ವಿಷಯ. ರೂಟ್ ಎಂಬುದು ಮಾಲಿನ ಮೇಲಿದೆ, ಮಾಲಿಗೆ ದಡಿ ಎಂಬ ಆ್ಯಟ್ರಿಬ್ಯೂಟ್ ಇಲ್ಲ. ಹಾಗಾಗಿ ಹೈಬರ್ನೇಟ್ 5ರ ಕ್ರೈಟೀರಿಯಾ, ಈ ಮ್ಯಾನೇಜ್ಡ್ ಟೈಪಿನಲ್ಲಿ ಈ ಹೆಸರಿನ ಆ್ಯಟ್ರಿಬ್ಯೂಟ್ ಇಲ್ಲ ಎಂದು ಇಲ್ಲೀಗಲ್ ಆರ್ಗ್ಯುಮೆಂಟ್ ಎಕ್ಸೆಪ್ಶನ್ ಎಸೆಯುತ್ತದೆ. ಸ್ಪ್ರಿಂಗ್ ಡೇಟಾ (ಮೆಥಡ್ ಹೆಸರಿನಿಂದಲೇ ಕ್ವೆರಿ ಮಾಡಿಕೊಡುವ ಲೈಬ್ರರಿ) ಬಳಸುತ್ತಿದ್ದರೆ ಮಾಲಿನ ರಿಪಾಸಿಟರಿಯಲ್ಲಿ ‘ಫೈಂಡ್‌ಬೈದಡಿ’ ಎಂಬ ಮೆಥಡ್ ಬರೆದರೂ ಇದೇ ಗತಿ. ಅಲ್ಲಿ ಅಪ್ಲಿಕೇಶನ್ ಶುರುವಾಗುವಾಗಲೇ ನಿಂತುಬಿಡುತ್ತದೆ. ಸ್ಕ್ರೀನ್ ಮೇಲಿನ ಪಟ್ಟಿಯನ್ನು ದಡಿಯ ಪ್ರಕಾರ ಜೋಡಿಸಲು ಸಾರ್ಟ್‌ಗೆ ಅದೇ ಹೆಸರು ಕೊಟ್ಟರೂ ಒಪ್ಪುವುದಿಲ್ಲ.

ಇಲ್ಲೊಂದು ಗೊಂದಲವಿದೆ. ಇದೇ ಷರತ್ತನ್ನು ಕ್ರೈಟೀರಿಯಾ ಬಿಟ್ಟು ಎಚ್‌ಕ್ಯೂಎಲ್‌ನಲ್ಲಿ, ಅಂದರೆ ಹೈಬರ್ನೇಟ್‌ನ ಕ್ವೆರಿ ಭಾಷೆಯಲ್ಲಿ, ‘ಫ್ರಮ್ ಮಾಲು ಮ ವೇರ್ ಮ.ದಡಿ = ...’ ಎಂದು ಬರೆದರೆ ಹೈಬರ್ನೇಟ್ ಮರುಮಾತಿಲ್ಲದೆ ನಡೆಸಿಕೊಡುತ್ತದೆ, ಸಬ್‌ಕ್ಲಾಸ್‌ಗಳಲ್ಲಿ ಹುಡುಕಿ ದಡಿಯನ್ನು ತಾನೇ ಪತ್ತೆ ಮಾಡುತ್ತದೆ. ಇದು ಹೈಬರ್ನೇಟ್‌ನ ಸ್ವಂತ ಸೌಲಭ್ಯ. ಜೆಪಿಎ (ಜಾವಾ ಓಆರ್‌ಎಮ್‌ಗಳ ಸಾಮಾನ್ಯ ಮಾನದಂಡ) ನಿಯಮದಲ್ಲಿ ಇದಕ್ಕೆ ಜಾಗವಿಲ್ಲ. ಇದರ ಮೇಲೆ ಕೋಡ್ ಕಟ್ಟಬೇಡಿ ಎಂಬುದು ನನ್ನ ಗಟ್ಟಿ ಸಲಹೆ. ನಾಳೆ ಖಣಕ್ಕೂ ದಡಿ ಎಂಬ ಪ್ರಾಪರ್ಟಿ ಸೇರಿಸಿದಿರಿ ಎನ್ನಿ, ಯಾವ ದಡಿ ಎಂಬುದು ಕ್ವೆರಿ ಓದುವವರಿಗೂ ತಿಳಿಯದು, ಹೈಬರ್ನೇಟ್‌ಗೂ ತಿಳಿಯದು. ಹೈಬರ್ನೇಟ್ 6ರಲ್ಲಿ ಇಂಥ ಕ್ವೆರಿ, ಆ್ಯಟ್ರಿಬ್ಯೂಟ್ ಒಂದಕ್ಕಿಂತ ಹೆಚ್ಚು ಸಬ್‌ಟೈಪ್‌ಗಳಲ್ಲಿದೆ ಎಂಬ ಎರರ್ ಕೊಟ್ಟು ನಿಲ್ಲಬಹುದು. ಕ್ವೆರಿಯನ್ನು ಯಾರೂ ಮುಟ್ಟಿರುವುದಿಲ್ಲ, ಆದರೂ ಒಡೆದಿರುತ್ತದೆ.

ನಿಯಮಬದ್ಧ ದಾರಿಗೆ ಎರಡು ಸಾಧನಗಳಿವೆ. ‘ಟೈಪ್’ ಎಂಬುದು 2009ರ ಜೆಪಿಎ 2.0ರಲ್ಲಿ ಬಂತು. ಅದು ಸಾಲು ಯಾವ ಕ್ಲಾಸಿನದು ಎಂದಷ್ಟೇ ಹೇಳುತ್ತದೆ. ‘ಟ್ರೀಟ್’ 2013ರ ಜೆಪಿಎ 2.1ರಲ್ಲಿ ಬಂತು. ಈ ಮಾಲನ್ನು ಸೀರೆ ಎಂದು ತಿಳಿದು ಅದರ ಪ್ರಾಪರ್ಟಿ ಕೊಡು ಎಂಬುದು ಅದರ ಅರ್ಥ. ನಿಮ್ಮ ದಾಸ್ತಾನು ಪಟ್ಟಿ ಹೀಗೆ ಬರುತ್ತದೆ:

ಸೆಲೆಕ್ಟ್ ಮ ಫ್ರಮ್ ಮಾಲು ಮ
ವೇರ್ ಮ.ಬೆಲೆ <= :ಮಿತಿ
ಆ್ಯಂಡ್ ( ಟೈಪ್(ಮ) = ಖಣ
ಆರ್ ಟ್ರೀಟ್(ಮ ಆ್ಯಸ್ ಸೀರೆ).ದಡಿ = :ದಡಿ )

ಆವರಣ ಚಿಹ್ನೆ ಮರೆಯಬೇಡಿ. ಆ್ಯಂಡ್ ಬಲ ಆರ್‌ಗಿಂತ ಹೆಚ್ಚು. ಆವರಣ ಬಿಟ್ಟರೆ 3000 ರೂಪಾಯಿಯ ಮಿತಿ ಖಣಕ್ಕೆ ಮಾತ್ರ ತಗಲುತ್ತದೆ, ಗೋಮಿ ದಡಿಯ ಸೀರೆ ಎಷ್ಟೇ ದುಬಾರಿಯಿದ್ದರೂ ಪಟ್ಟಿಗೆ ಬಂದು ಕೂರುತ್ತದೆ. ನೂಲು ಈ ಪಟ್ಟಿಯಲ್ಲಿ ಇರುವುದಿಲ್ಲ. ಅದು ಖಣವೂ ಅಲ್ಲ, ದಡಿಯ ಷರತ್ತೂ ಅದಕ್ಕೆ ಒದಗುವುದಿಲ್ಲ.

ವೇರ್ ಒಳಗಿನ ಟ್ರೀಟ್ ಬಗ್ಗೆ ಜೆಪಿಎ ನಿಯಮ ಸ್ಪಷ್ಟ. ಸಾಲು ಆ ಸಬ್‌ಕ್ಲಾಸಿನದಲ್ಲದಿದ್ದರೆ ಆ ಒಂದು ಷರತ್ತು ಮಾತ್ರ ಸುಳ್ಳಾಗಬೇಕು, ಇಡೀ ಸಾಲು ಹೋಗಬಾರದು. ಆರ್‌ನ ಆಚೆ ಬದಿ ನಿಜವಾದರೆ ಸಾಲು ಉಳಿಯಬೇಕು. ಆದರೆ ಹೈಬರ್ನೇಟ್ 5ರ ಕೆಲವು ಬಿಡುಗಡೆಗಳು ಇದನ್ನು ಸರಿಯಾಗಿ ಪಾಲಿಸುವುದಿಲ್ಲ. ಜಾಯಿನ್ಡ್ ಪದ್ಧತಿಯಲ್ಲಿ ವೇರ್‌ನೊಳಗೆ ಟ್ರೀಟ್ ಕಂಡ ತಕ್ಷಣ ಸೀರೆ ಟೇಬಲಿಗೆ ಇನ್ನರ್ ಜಾಯಿನ್ (ಎರಡೂ ಟೇಬಲಿನಲ್ಲಿ ಹೊಂದುವ ಸಾಲನ್ನು ಮಾತ್ರ ಉಳಿಸುವ ಜೋಡಣೆ) ಹಾಕಿಬಿಡುತ್ತವೆ, ಆರ್ ಬರೆದೂ ಪ್ರಯೋಜನವಾಗುವುದಿಲ್ಲ. ಆದ್ದರಿಂದ ಊಹಿಸುತ್ತ ಕೂರದೆ, ತಯಾರಾದ ಎಸ್‌ಕ್ಯೂಎಲ್ ತೆರೆದು ನೋಡಿ. ‘ಆರ್ಗ್.ಹೈಬರ್ನೇಟ್.ಎಸ್‌ಕ್ಯೂಎಲ್’ ಲಾಗರನ್ನು ಡೀಬಗ್ ಮಟ್ಟಕ್ಕೆ ಇಟ್ಟರೆ ಪ್ರತಿ ಕ್ವೆರಿ ಲಾಗಿನಲ್ಲಿ ಬರುತ್ತದೆ. ಪ್ಯಾರಾಮೀಟರ್‌ಗಳ ಮೌಲ್ಯವೂ ಬೇಕಾದರೆ 5ರಲ್ಲಿ ‘ಆರ್ಗ್.ಹೈಬರ್ನೇಟ್.ಟೈಪ್.ಡಿಸ್ಕ್ರಿಪ್ಟರ್.ಎಸ್‌ಕ್ಯೂಎಲ್’, 6ರಲ್ಲಿ ‘ಆರ್ಗ್.ಹೈಬರ್ನೇಟ್.ಓಆರ್‌ಎಮ್.ಜೆಡಿಬಿಸಿ.ಬೈಂಡ್’ ಲಾಗರನ್ನು ಟ್ರೇಸ್ ಮಟ್ಟಕ್ಕೆ ಇಡಿ. ಲಾಗಿನಲ್ಲಿ ನೀವು ಕಾಣಬೇಕಾದ್ದು ಇದು:

ಫ್ರಮ್ ಮಾಲು ಮ
ಲೆಫ್ಟ್ ಔಟರ್ ಜಾಯಿನ್ ಸೀರೆ ಸೀ ಆನ್ ಮ.ಐಡಿ = ಸೀ.ಐಡಿ
ಲೆಫ್ಟ್ ಔಟರ್ ಜಾಯಿನ್ ಖಣ ಖ ಆನ್ ಮ.ಐಡಿ = ಖ.ಐಡಿ
ಲೆಫ್ಟ್ ಔಟರ್ ಜಾಯಿನ್ ನೂಲು ನೂ ಆನ್ ಮ.ಐಡಿ = ನೂ.ಐಡಿ

ಮೂರೂ ಲೆಫ್ಟ್ ಔಟರ್ ಆಗಿರಬೇಕು, ಅಂದರೆ ಜೋಡಿ ಸಿಗದಿದ್ದರೂ ಮಾಲಿನ ಸಾಲು ಉಳಿಯಬೇಕು. ಸೀರೆಯ ಮುಂದೆ ‘ಇನ್ನರ್ ಜಾಯಿನ್’ ಎಂದಿದ್ದರೆ ನಿಮ್ಮ ಆವೃತ್ತಿಯಲ್ಲಿ ಈ ದೋಷವಿದೆ. ಆಗ ಟ್ರೀಟ್ ಬಿಟ್ಟು ಸಬ್‌ಕ್ವೆರಿಗೆ ಹೋಗಿ. ನೋಡಲು ಅಷ್ಟು ಚೆಂದವಿಲ್ಲ, ಆದರೆ ಯಾವ ಆವೃತ್ತಿಯಲ್ಲೂ, ಯಾವ ಪದ್ಧತಿಯಲ್ಲೂ ಎರಡು ಅರ್ಥ ಕೊಡುವುದಿಲ್ಲ:

ಆ್ಯಂಡ್ ( ಟೈಪ್(ಮ) = ಖಣ
ಆರ್ ಮ.ಐಡಿ ಇನ್ ( ಸೆಲೆಕ್ಟ್ ಸೀ.ಐಡಿ ಫ್ರಮ್ ಸೀರೆ ಸೀ ವೇರ್ ಸೀ.ದಡಿ = :ದಡಿ ) )

ಹೈಬರ್ನೇಟ್ 5.1ರಿಂದ ಸಂಬಂಧವೇ ಇಲ್ಲದ ಎರಡು ಎಂಟಿಟಿಗಳನ್ನೂ (ಟೇಬಲಿಗೆ ಹೊಂದಿಸಿದ ಕ್ಲಾಸ್‌ಗಳನ್ನೂ) ಜೋಡಿಸಬಹುದು. ಹಾಗಾಗಿ ‘ಲೆಫ್ಟ್ ಜಾಯಿನ್ ಸೀರೆ ಸೀ ಆನ್ ಸೀ.ಐಡಿ = ಮ.ಐಡಿ’ ಎಂದು ಕೈಯಾರೆ ಬರೆಯುವುದು ಮೂರನೆಯ ದಾರಿ. ನನಗೆ ಸಬ್‌ಕ್ವೆರಿಯೇ ಹಿಡಿಸುತ್ತದೆ. ಆರು ತಿಂಗಳ ನಂತರ ಬೇರೆಯವರು ಓದಿದಾಗ ಉದ್ದೇಶ ನೇರವಾಗಿ ಕಾಣುತ್ತದೆ.

ಕ್ರೈಟೀರಿಯಾದಲ್ಲೇ ಬರೆಯಬೇಕೆಂದರೆ ‘ರೂಟ್<ಸೀರೆ> ಸೀ = ಸಿಬಿ.ಟ್ರೀಟ್(ರೂಟ್, ಸೀರೆ.ಕ್ಲಾಸ್)’ ಎಂದು ಒಮ್ಮೆ ಕರೆದು, ಆ ವೇರಿಯಬಲನ್ನೇ ಎಲ್ಲ ಷರತ್ತುಗಳಿಗೂ ಬಳಸಿ. ದಡಿಗೊಮ್ಮೆ, ಬಣ್ಣಕ್ಕೊಮ್ಮೆ, ಉದ್ದಕ್ಕೊಮ್ಮೆ ಟ್ರೀಟ್ ಕರೆದರೆ ಒಂದೇ ಟೇಬಲಿಗೆ ಎರಡು ಮೂರು ಜಾಯಿನ್ ಬೀಳುವ ಸಾಧ್ಯತೆಯಿದೆ.

ಟೈಪ್ ಬಳಸುವಾಗ ಒಂದು ಎಚ್ಚರಿಕೆ. ‘ಟೈಪ್(ಮ) = ಸೀರೆ’ ಎಂದರೆ ಕರಾರುವಾಕ್ಕಾಗಿ ಸೀರೆ ಕ್ಲಾಸ್ ಮಾತ್ರ. ಮುಂದೆ ಸೀರೆಯ ಕೆಳಗೆ ರೇಷ್ಮೆಸೀರೆ ಎಂಬ ಇನ್ನೊಂದು ಕ್ಲಾಸ್ ಮಾಡಿದರೆ ಅವು ಈ ಷರತ್ತಿಗೆ ಸಿಗುವುದಿಲ್ಲ. ಟ್ರೀಟ್ ಹಾಗಲ್ಲ, ಕೆಳಗಿನ ಕ್ಲಾಸ್‌ಗಳನ್ನೂ ಒಳಗೊಳ್ಳುತ್ತದೆ. ‘ಫ್ರಮ್ ಸೀರೆ’ ಎಂಬ ಸಬ್‌ಕ್ವೆರಿಯೂ ಒಳಗೊಳ್ಳುತ್ತದೆ. ಹೊಸ ಕ್ಲಾಸ್ ಸೇರಿಸಿದ ದಿನ ಪ್ರಾಜೆಕ್ಟಿನಲ್ಲಿ ಎಲ್ಲೆಲ್ಲಿ ಟೈಪ್ ಇದೆಯೋ ಅಲ್ಲೆಲ್ಲ ಹುಡುಕಿ ತಿದ್ದಬೇಕಾಗುತ್ತದೆ, ಅಥವಾ ‘ಟೈಪ್(ಮ) ಇನ್ (ಸೀರೆ, ರೇಷ್ಮೆಸೀರೆ)’ ಎಂದು ಎರಡನ್ನೂ ಹೆಸರಿಸಬೇಕು.

ಈಗ ಬಿಲ್ಲಿನ ವರದಿ. ನೀವು ‘ಫ್ರಮ್ ಬಿಲ್‌ಸಾಲು ಬ ಜಾಯಿನ್ ಟ್ರೀಟ್(ಬ.ಮಾಲು ಆ್ಯಸ್ ಸೀರೆ) ಸೀ’ ಎಂದು ಬರೆದಿದ್ದೀರಿ. ಬರೀ ‘ಜಾಯಿನ್’ ಎಂದರೆ ಇನ್ನರ್ ಜಾಯಿನ್. ಸೀರೆಯಲ್ಲದ ಮಾಲಿನ ಬಿಲ್ ಸಾಲುಗಳೆಲ್ಲ ಅಲ್ಲಿಗೇ ಕಡಿದುಹೋಗುತ್ತವೆ. ಇಲ್ಲಿ ಹೈಬರ್ನೇಟ್‌ನ ದೋಷವೇನೂ ಇಲ್ಲ, ನೀವು ಕೇಳಿದ್ದನ್ನೇ ಕೊಟ್ಟಿದೆ. ಸೀರೆ ಮಾರಾಟದ ವರದಿಯಷ್ಟೇ ಬೇಕಾದಾಗ ಇದೇ ಸರಿಯಾದ ಕ್ವೆರಿ. ಎಲ್ಲ ಸಾಲು ಬೇಕು, ಸೀರೆಯಿದ್ದಲ್ಲಿ ದಡಿಯೂ ಬೇಕು ಎಂದಾಗ:

ಸೆಲೆಕ್ಟ್ ಬ.ಸಂಖ್ಯೆ, ಬ.ಮೊತ್ತ, ಸೀ.ದಡಿ
ಫ್ರಮ್ ಬಿಲ್‌ಸಾಲು ಬ
ಲೆಫ್ಟ್ ಜಾಯಿನ್ ಟ್ರೀಟ್(ಬ.ಮಾಲು ಆ್ಯಸ್ ಸೀರೆ) ಸೀ

ಇದಕ್ಕೆ ‘ವೇರ್ ಸೀ.ದಡಿ = :ದಡಿ’ ಎಂದು ಸೇರಿಸಿದರೆ ಲೆಫ್ಟ್ ಜಾಯಿನ್ ಹಾಕಿದ್ದು ನೀರಿನಲ್ಲಿ ಹೋಮವಾಯಿತು. ಖಣದ ಸಾಲಿನಲ್ಲಿ ಸೀ.ದಡಿ ನಲ್ (ಖಾಲಿ) ಆಗಿರುತ್ತದೆ, ನಲ್ ಯಾವುದಕ್ಕೂ ಸಮವಲ್ಲ, ವೇರ್ ಆ ಸಾಲನ್ನು ತೆಗೆದುಹಾಕುತ್ತದೆ. ಅದೇ ಷರತ್ತನ್ನು ಆನ್ ಭಾಗಕ್ಕೆ ಸರಿಸಿದರೆ ಎಲ್ಲ ಸಾಲೂ ಉಳಿದು, ಗೋಮಿ ದಡಿಯ ಸೀರೆಗಳ ಎದುರಿಗೆ ಮಾತ್ರ ದಡಿ ತುಂಬಿ ಬರುತ್ತದೆ. ಎರಡೂ ಉಪಯುಕ್ತವೇ, ನಿಮಗೆ ಯಾವುದು ಬೇಕೆಂದು ಮೊದಲೇ ತೀರ್ಮಾನಿಸಿ.

ನಲ್ ನಿಜವಾಗಿ ಕಾಡುವುದು ‘ಅಲ್ಲ’ ಎಂಬ ಷರತ್ತಿನಲ್ಲಿ, ಇದಕ್ಕೆ ಸ್ವಲ್ಪ ತಾಳ್ಮೆಯಿಂದ ಗಮನ ಕೊಡಿ. ಕಾಕಾ ಒಂದು ದಿನ ‘ಗೋಮಿ ದಡಿ ಬಿಟ್ಟು ಉಳಿದ ಮಾಲೆಲ್ಲ ತೋರಿಸು’ ಎನ್ನುತ್ತಾರೆ. ನೀವು ‘ಟ್ರೀಟ್(ಮ ಆ್ಯಸ್ ಸೀರೆ).ದಡಿ <> :ದಡಿ’ ಎಂದು ಬರೆಯುತ್ತೀರಿ. ಚಿಕ್ಕಿ ಪರಾಸ್, ಜರಿ ದಡಿಯ ಸೀರೆಗಳು ಬರುತ್ತವೆ. ಖಣ ಒಂದೂ ಬರುವುದಿಲ್ಲ, ನೂಲೂ ಬರುವುದಿಲ್ಲ. ಎಸ್‌ಕ್ಯೂಎಲ್‌ನಲ್ಲಿ ಹೋಲಿಕೆಗೆ ನಿಜ, ಸುಳ್ಳು, ತಿಳಿಯದು ಎಂಬ ಮೂರು ಫಲಗಳಿವೆ. ನಲ್ ಅನ್ನು ಗೋಮಿಗೆ ಹೋಲಿಸಿದರೆ ‘ತಿಳಿಯದು’, ಮತ್ತು ವೇರ್ ನಿಜವಾದದ್ದನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಹೊರಗೊಂದು ‘ನಾಟ್’ ಸುತ್ತಿ ‘ನಾಟ್ (ದಡಿ = :ದಡಿ)’ ಎಂದರೂ ಗತಿ ಅದೇ, ತಿಳಿಯದ್ದರ ವಿರುದ್ಧವೂ ತಿಳಿಯದ್ದೇ. ದಡಿ ದಾಖಲಿಸದೆ ಬಿಟ್ಟ ಸೀರೆಯೂ ಇದೇ ಜರಡಿಯಲ್ಲಿ ಸೋರಿಹೋಗುತ್ತದೆ. ಇಂಥ ಪಟ್ಟಿಯಲ್ಲಿ ಎರರ್ ಬರುವುದಿಲ್ಲ, ಸಂಖ್ಯೆ ಮಾತ್ರ ಕಡಿಮೆಯಿರುತ್ತದೆ, ಅದಕ್ಕೇ ಇದು ಅಪಾಯಕಾರಿ. ಸರಿಯಾದದ್ದು:

ವೇರ್ ನಾಟ್ ಎಕ್ಸಿಸ್ಟ್ಸ್ ( ಸೆಲೆಕ್ಟ್ 1 ಫ್ರಮ್ ಸೀರೆ ಸೀ
ವೇರ್ ಸೀ.ಐಡಿ = ಮ.ಐಡಿ ಆ್ಯಂಡ್ ಸೀ.ದಡಿ = :ದಡಿ )

‘ಗೋಮಿ ದಡಿಯ ಸೀರೆ ಎಂದು ಖಚಿತವಾಗಿರುವುದನ್ನು ಬಿಟ್ಟು ಉಳಿದೆಲ್ಲ’ ಎಂಬ ಅರ್ಥ ಇದರಲ್ಲಿ ಪೂರ್ತಿಯಾಗಿ ಬರುತ್ತದೆ. ಇದೇ ಕೆಲಸಕ್ಕೆ ‘ನಾಟ್ ಇನ್’ ಬಳಸುವವರಿದ್ದಾರೆ. ಒಳಗಿನ ಪಟ್ಟಿಯಲ್ಲಿ ಒಂದೇ ಒಂದು ನಲ್ ಇದ್ದರೂ ನಾಟ್ ಇನ್ ಒಂದೂ ಸಾಲು ಕೊಡುವುದಿಲ್ಲ. ಐಡಿ ಪ್ರೈಮರಿ ಕೀ ಆದ್ದರಿಂದ ಇಲ್ಲಿ ಆ ಭಯವಿಲ್ಲ, ಆದರೂ ನಾಟ್ ಎಕ್ಸಿಸ್ಟ್ಸ್ ಅಭ್ಯಾಸ ಮಾಡಿಕೊಂಡರೆ ಬೇರೆ ಕಡೆಯೂ ಕಾಪಾಡುತ್ತದೆ.

ದಡಿಯ ಪ್ರಕಾರ ಜೋಡಿಸುವಾಗಲೂ ನಲ್ ತಲೆ ಹಾಕುತ್ತದೆ. ಪೋಸ್ಟ್‌ಗ್ರೆಸ್ ಏರಿಕೆಯ ಕ್ರಮದಲ್ಲಿ ನಲ್‌ಗಳನ್ನು ಕೊನೆಗೆ ಇಡುತ್ತದೆ, ಮೈಎಸ್‌ಕ್ಯೂಎಲ್ ಮೊದಲಿಗೆ ಇಡುತ್ತದೆ. ಎಚ್‌ಕ್ಯೂಎಲ್‌ನಲ್ಲಿ ‘ನಲ್ಸ್ ಲಾಸ್ಟ್’ ಎಂದು ಬರೆದುಬಿಟ್ಟರೆ ಡೇಟಾಬೇಸ್ ಬದಲಾದರೂ ಖಣಗಳು ಪಟ್ಟಿಯ ಕೊನೆಗೇ ಇರುತ್ತವೆ.

ದಡಿಯ ಹೆಸರನ್ನು ಬರೀ ಸ್ಟ್ರಿಂಗ್ ಆಗಿ ಇಟ್ಟಿದ್ದರೆ ಅದನ್ನೂ ಈಗಲೇ ಸರಿಪಡಿಸಿ. ಚಿಕ್ಕಿ ಪರಾಸ್ ಎಂಬುದನ್ನು ಒಬ್ಬರು ಕೂಡಿಸಿ ಬರೆಯುತ್ತಾರೆ, ಇನ್ನೊಬ್ಬರು ನಡುವೆ ಜಾಗ ಬಿಡುತ್ತಾರೆ, ಮತ್ತೊಬ್ಬರು ‘ಚಿಕ್ಕಿ’ ಎಂದು ನಿಲ್ಲಿಸುತ್ತಾರೆ. ಕ್ವೆರಿಗೆ ಇವು ಮೂರು ಬೇರೆ ದಡಿಗಳು. ಚಿಕ್ಕಿ ಪರಾಸ್, ಗೋಮಿ, ಜರಿ, ಗಾಡಿ ಎಂದು ಈನಮ್ (ನಿಗದಿತ ಹೆಸರುಗಳ ಪಟ್ಟಿ) ಮಾಡಿ, ಮ್ಯಾಪಿಂಗ್‌ನಲ್ಲಿ ‘ಈನಮ್‌ಟೈಪ್.ಸ್ಟ್ರಿಂಗ್’ ಎಂದು ಹೇಳಿ. ಹೇಳದಿದ್ದರೆ ಜೆಪಿಎ ಆರ್ಡಿನಲ್ ಹಿಡಿಯುತ್ತದೆ, ಅಂದರೆ 0, 1, 2, 3 ಎಂದು ಉಳಿಸುತ್ತದೆ. ಮುಂದೆ ಯಾರಾದರೂ ನಡುವೆ ಹೊಸ ದಡಿ ಸೇರಿಸಿದರೆ ಅದರ ನಂತರ ಬರುವ ದಡಿಗಳ ಹಳೆಯ ದಾಖಲೆಗಳೆಲ್ಲ ಒಂದೊಂದು ಮನೆ ಸರಿದ ಅರ್ಥ ಕೊಡುತ್ತವೆ.

ಮೂರನೆಯ ತೊಂದರೆ, ಸೀರೆಯಿದ್ದರೂ ಇನ್‌ಸ್ಟನ್ಸ್‌ಆಫ್ ಫಾಲ್ಸ್ ಎನ್ನುವುದು. ಬಿಲ್‌ಸಾಲಿನಿಂದ ಮಾಲಿಗೆ ಮೆನಿಟುವನ್ (ಹಲವು ಸಾಲಿಗೆ ಒಂದು ಮಾಲು) ಸಂಬಂಧವನ್ನು ಲೇಜಿ (ಕೇಳಿದಾಗ ಮಾತ್ರ ಓದು) ಎಂದು ಇಟ್ಟಿದ್ದೀರಿ ಅನ್ನಿಸುತ್ತದೆ. ಲೇಜಿ ಇಟ್ಟದ್ದು ಸರಿಯೇ. ಬಿಲ್‌ಸಾಲು ಓದಿದಾಗ ಹೈಬರ್ನೇಟ್‌ಗೆ ಗೊತ್ತಿರುವುದು ಮಾಲಿನ ಐಡಿ ಒಂದೇ. ಅದು ಸೀರೆಯೋ ಖಣವೋ ಎಂಬುದು ಮಾಲಿನ ಟೇಬಲ್‌ಗಳನ್ನು ತೆರೆಯದೆ ತಿಳಿಯದು. ಹಾಗಾಗಿ ಅದು ಮಾಲು ಕ್ಲಾಸಿನಿಂದ ಹುಟ್ಟಿಸಿದ ಒಂದು ಪ್ರಾಕ್ಸಿಯನ್ನು, ಅಂದರೆ ಬದಲಿ ಆಬ್ಜೆಕ್ಟನ್ನು, ಅಲ್ಲಿಡುತ್ತದೆ. ನೀವು ಬೆಲೆ ಕೇಳಿದಾಗ ಪ್ರಾಕ್ಸಿ ಡೇಟಾಬೇಸಿಗೆ ಹೋಗಿ ನಿಜವಾದ ಸೀರೆಯನ್ನು ತಂದು ತನ್ನೊಳಗೆ ಇಟ್ಟುಕೊಳ್ಳುತ್ತದೆ. ಆದರೆ ಜಾವಾದಲ್ಲಿ ಒಮ್ಮೆ ಹುಟ್ಟಿದ ಆಬ್ಜೆಕ್ಟಿನ ಕ್ಲಾಸ್ ಬದಲಾಗುವುದಿಲ್ಲ. ಹೊರಗಿನ ಚಿಪ್ಪು ಕೊನೆಯವರೆಗೂ ‘ಮಾಲು ಪ್ರಾಕ್ಸಿ’ಯೇ. ಇನ್‌ಸ್ಟನ್ಸ್‌ಆಫ್ ನೋಡುವುದು ಚಿಪ್ಪನ್ನು. ಬಲವಂತವಾಗಿ ಸೀರೆಗೆ ಕಾಸ್ಟ್ ಮಾಡಿದರೆ ಕ್ಲಾಸ್ ಕಾಸ್ಟ್ ಎಕ್ಸೆಪ್ಶನ್.

ಹೈಬರ್ನೇಟ್ 5.2.10ರಿಂದ ‘ಹೈಬರ್ನೇಟ್.ಅನ್‌ಪ್ರಾಕ್ಸಿ(ಬ.ಗೆಟ್‌ಮಾಲು())’ ಎಂಬುದಿದೆ. ಅದು ಒಳಗಿನ ನಿಜವಾದ ಆಬ್ಜೆಕ್ಟನ್ನು ಕೊಡುತ್ತದೆ, ಅದರ ಮೇಲೆ ಇನ್‌ಸ್ಟನ್ಸ್‌ಆಫ್ ಸರಿಯಾಗಿ ನಡೆಯುತ್ತದೆ. ವರದಿಗೆ ಹೇಗೂ ಎಲ್ಲ ಮಾಲು ಬೇಕೆಂದರೆ ‘ಜಾಯಿನ್ ಫೆಚ್ ಬ.ಮಾಲು’ ಎಂದು ಬರೆಯಿರಿ. ಮೊದಲಿಂದಲೇ ಸೀರೆ, ಖಣ ಎಂದು ನಿಜರೂಪದಲ್ಲಿ ಬರುತ್ತವೆ, ಪ್ರತಿ ಸಾಲಿಗೊಂದು ಕ್ವೆರಿ ಓಡುವ ತ್ರಾಸವೂ ತಪ್ಪುತ್ತದೆ. ಇಲ್ಲೂ ಒಂದು ಕೊಕ್ಕೆ ಉಂಟು. ಅದೇ ಸೆಶನ್ನಿನಲ್ಲಿ ಆ ಐಡಿಗೆ ಮೊದಲೇ ಪ್ರಾಕ್ಸಿ ತಯಾರಾಗಿದ್ದರೆ, ಫೆಚ್ ಮಾಡಿದರೂ, ಫೈಂಡ್‌ಬೈಐಡಿ ಕರೆದರೂ ಹಳೆಯ ಪ್ರಾಕ್ಸಿಯೇ ಕೈಗೆ ಸಿಗಬಹುದು. ಲಾಗಿನಲ್ಲಿ ‘ನ್ಯಾರೋಯಿಂಗ್ ಪ್ರಾಕ್ಸಿ’ ಎಂಬ ಎಚ್ಚರಿಕೆ ಕಂಡರೆ, ಒಂದೇ ಮಾಲಿಗೆ ಎರಡು ಆಬ್ಜೆಕ್ಟ್ ಹುಟ್ಟಿದೆ, == ಹೋಲಿಕೆ ಇನ್ನು ನಂಬುವಂತಿಲ್ಲ ಎಂದರ್ಥ. ಈಕ್ವಲ್ಸ್ ಮೆಥಡನ್ನು ಐಡಿಯ ಆಧಾರದಲ್ಲಿ, ಗೆಟ್‌ಕ್ಲಾಸ್ ಹೋಲಿಕೆಯಿಲ್ಲದೆ ಬರೆದಿಡಿ.

ಇದಕ್ಕಿಂತ ಹಸನಾದ ದಾರಿ ಇನ್‌ಸ್ಟನ್ಸ್‌ಆಫ್ ಕೇಳದೇ ಇರುವುದು. ಬಿಲ್ಲಿನಲ್ಲಿ ಮುದ್ರಿಸುವ ವಿವರಣೆಗಾಗಿಯೇ ಕ್ಲಾಸ್ ತಿಳಿಯಬೇಕಿದ್ದರೆ, ಮಾಲಿನಲ್ಲಿ ‘ವಿವರ()’ ಎಂಬ ಅಬ್‌ಸ್ಟ್ರ್ಯಾಕ್ಟ್ ಮೆಥಡ್ ಇಟ್ಟು ಸೀರೆಯಲ್ಲಿ ದಡಿ, ಗಜ, ಸೆರಗಿನ ವಿವರವನ್ನೂ ನೂಲಿನಲ್ಲಿ ಕೌಂಟನ್ನೂ ಹಿಂದಿರುಗಿಸಿ. ಪ್ರಾಕ್ಸಿ ಆ ಕರೆಯನ್ನು ಒಳಗಿನ ಆಬ್ಜೆಕ್ಟಿಗೆ ದಾಟಿಸುತ್ತದೆ, ಉತ್ತರ ಸರಿಯಾಗಿಯೇ ಬರುತ್ತದೆ. ಮೆಥಡ್ ‘ಫೈನಲ್’ ಆಗಿರಬಾರದು. ಫೈನಲ್ ಮೆಥಡನ್ನು ಪ್ರಾಕ್ಸಿ ತಡೆದು ದಾಟಿಸಲಾರದು, ಚಿಪ್ಪಿನ ಖಾಲಿ ಫೀಲ್ಡ್‌ಗಳನ್ನೇ ಓದಿ ನಲ್ ಕೊಡುತ್ತದೆ.

ಸೀರೆಗಷ್ಟೇ ಇರುವ ಸಂಬಂಧವನ್ನು, ಉದಾಹರಣೆಗೆ ಅದನ್ನು ನೇಯ್ದ ನೇಕಾರರ ಪಟ್ಟಿಯನ್ನು, ಮಾಲಿನ ಕ್ವೆರಿಯೊಂದಿಗೇ ತರಬೇಕಾದರೆ ಎರಡು ಕ್ವೆರಿ ಮಾಡಿ. ಮೊದಲು ಎಲ್ಲ ಮಾಲನ್ನು ತನ್ನಿ. ಅದೇ ಟ್ರಾನ್ಸಾಕ್ಶನ್ ಒಳಗೆ ‘ಸೆಲೆಕ್ಟ್ ಡಿಸ್ಟಿಂಕ್ಟ್ ಸೀ ಫ್ರಮ್ ಸೀರೆ ಸೀ ಲೆಫ್ಟ್ ಜಾಯಿನ್ ಫೆಚ್ ಸೀ.ನೇಕಾರರು ವೇರ್ ಸೀ.ಐಡಿ ಇನ್ :ಐಡಿಗಳು’ ಎಂದು ಓಡಿಸಿ. ಎರಡನೆಯದರ ಫಲವನ್ನು ನೀವು ಎಲ್ಲೂ ಇಟ್ಟುಕೊಳ್ಳಬೇಕಿಲ್ಲ. ಸೆಶನ್ನಿನಲ್ಲಿರುವ ಅದೇ ಸೀರೆ ಆಬ್ಜೆಕ್ಟ್‌ಗಳೊಳಗೆ ನೇಕಾರರು ತುಂಬಿಕೊಳ್ಳುತ್ತಾರೆ. ಒಂದೇ ಕ್ವೆರಿಯಲ್ಲಿ ಟ್ರೀಟ್ ಮತ್ತು ಫೆಚ್ ಎರಡನ್ನೂ ಹೆಣೆಯುವ ಪ್ರಯತ್ನ ಜೆಪಿಎ ನಿಯಮದ ಹೊರಗಿನದು, ಆವೃತ್ತಿಯಿಂದ ಆವೃತ್ತಿಗೆ ಬೇರೆ ಫಲ ಕೊಡುತ್ತದೆ.

ಇಷ್ಟರ ನಂತರ ಕೇಳಬೇಕಾದದ್ದು, ಜಾಯಿನ್ಡ್ ಪದ್ಧತಿಯೇ ನಿಮಗೆ ಬೇಕೆ ಎಂಬುದು. ಮೂರೇ ಸಬ್‌ಕ್ಲಾಸ್, ಒಂದೊಂದರಲ್ಲೂ ನಾಲ್ಕೈದು ಕಾಲಂ, ಪೇರೆಂಟಿನ ಮೇಲೆ ದಿನವೂ ಕ್ವೆರಿ. ಇಂಥಲ್ಲಿ ನಾನು ಸಿಂಗಲ್ ಟೇಬಲನ್ನೇ ಆರಿಸುತ್ತೇನೆ. ಜೆಪಿಎಯ ಡೀಫಾಲ್ಟೂ ಅದೇ. ಎಲ್ಲ ಮಾಲೂ ಒಂದೇ ಟೇಬಲಿನಲ್ಲಿ, ‘ಜಾತಿ’ ಎಂಬ ಡಿಸ್ಕ್ರಿಮಿನೇಟರ್ (ಸಾಲು ಯಾವ ಕ್ಲಾಸಿನದು ಎಂದು ಹೇಳುವ) ಕಾಲಂ ಜೊತೆಗೆ. ಜಾಯಿನ್ ಇಲ್ಲದ್ದರಿಂದ ಇನ್ನರ್ ಔಟರ್ ಗೊಂದಲವೇ ಹುಟ್ಟುವುದಿಲ್ಲ. ಬೆಲೆ ಮತ್ತು ದಡಿ ಎರಡೂ ಒಂದೇ ಟೇಬಲಿನಲ್ಲಿರುವುದರಿಂದ ಎರಡಕ್ಕೂ ಸೇರಿ ಒಂದು ಇಂಡೆಕ್ಸ್ ಹಾಕಬಹುದು. ಜಾಯಿನ್ಡ್‌ನಲ್ಲಿ ಬೆಲೆ ಒಂದು ಟೇಬಲ್, ದಡಿ ಇನ್ನೊಂದು ಟೇಬಲ್, ಎರಡನ್ನೂ ಹಿಡಿಯುವ ಇಂಡೆಕ್ಸ್ ಸಾಧ್ಯವೇ ಇಲ್ಲ. ಒಂದು ಅಂಗಡಿಯ ದಾಸ್ತಾನಿಗೆ ಈ ವೇಗದ ವ್ಯತ್ಯಾಸ ಲೆಕ್ಕಕ್ಕೆ ಬಾರದು, ನಾನು ಸಿಂಗಲ್ ಟೇಬಲ್ ಎನ್ನುವುದು ಕ್ವೆರಿಯ ಸರಳತೆಗಾಗಿ.

ಇದರ ದಂಡವೂ ಹೇಳುತ್ತೇನೆ. ದಡಿ ಕಾಲಂ ಖಣದ ಸಾಲಿನಲ್ಲಿ ಖಾಲಿ ಇರಲೇಬೇಕಾದ್ದರಿಂದ ‘ನಾಟ್ ನಲ್’ ಹಾಕುವಂತಿಲ್ಲ. ಬದಲಿಗೆ ‘ಚೆಕ್ (ಜಾತಿ <> 'ಸೀರೆ' ಆರ್ ದಡಿ ಇಸ್ ನಾಟ್ ನಲ್)’ ಎಂಬ ನಿರ್ಬಂಧ ಹಾಕಿ. ಪೋಸ್ಟ್‌ಗ್ರೆಸ್ ಇದನ್ನು ಪಾಲಿಸುತ್ತದೆ. ಮೈಎಸ್‌ಕ್ಯೂಎಲ್ 8.0.16ಕ್ಕಿಂತ ಹಿಂದಿನವು ಚೆಕ್ ಅನ್ನು ಓದಿ ಸುಮ್ಮನಾಗುತ್ತಿದ್ದವು. ಇನ್ನೊಂದು, ಸೀರೆಯಲ್ಲೂ ಖಣದಲ್ಲೂ ‘ಉದ್ದ’ ಎಂಬ ಪ್ರಾಪರ್ಟಿ ಇದ್ದರೆ ಸಿಂಗಲ್ ಟೇಬಲಿನಲ್ಲಿ ಎರಡೂ ಒಂದೇ ಕಾಲಂಗೆ ಬಂದು ಬೀಳುತ್ತವೆ. ಒಂದು ಗಜದಲ್ಲಿ, ಇನ್ನೊಂದು ಸೆಂಟಿಮೀಟರಿನಲ್ಲಿ ಇದ್ದರೆ ‘ಉದ್ದ > 8’ ಎಂಬ ಷರತ್ತು ಒಂಬತ್ತು ಗಜದ ಸೀರೆಯ ಜೊತೆ ಖಣಗಳನ್ನೂ ಎಳೆದು ತರಬಹುದು. ಕಾಲಂ ಹೆಸರು ಬೇರೆ ಮಾಡಿ, ಇಲ್ಲವೇ ಅಳತೆ ಒಂದೇ ಮಾಡಿ ಉದ್ದವನ್ನು ಮೇಲಿನ ಕ್ಲಾಸಿಗೆ ಏರಿಸಿ. ಟ್ರೀಟ್ ಜೊತೆಗೆ ಟೈಪ್ ಷರತ್ತನ್ನೂ ಬರೆಯುವ ರೂಢಿ ಇಲ್ಲಿ ಒಳ್ಳೆಯದು.

ನೂಲಿಗೆ ಉದ್ದವಿಲ್ಲ, ಸೀರೆ ಖಣ ಎರಡಕ್ಕೂ ಇದೆ ಎಂದಾಗ ನಡುವೆ ‘ಬಟ್ಟೆ’ ಎಂಬ ಅಬ್‌ಸ್ಟ್ರ್ಯಾಕ್ಟ್ ಕ್ಲಾಸ್ ತರಬಹುದು. ಅದನ್ನು ‘ಎಂಟಿಟಿ’ ಎಂದೇ ಗುರುತಿಸಿ. ‘ಮ್ಯಾಪ್ಡ್ ಸೂಪರ್‌ಕ್ಲಾಸ್’ ಎಂದರೆ ಜೆಪಿಎ ಪ್ರಕಾರ ಅದರ ಮೇಲೆ ಕ್ವೆರಿ ಮಾಡುವಂತಿಲ್ಲ, ಅದಕ್ಕೆ ಸಂಬಂಧ ಜೋಡಿಸುವಂತೆಯೂ ಇಲ್ಲ.

ಪ್ರತಿ ಸಬ್‌ಕ್ಲಾಸಿಗೂ ಪೂರ್ತಿ ಬೇರೆ ಟೇಬಲ್ ಇಡುವ ಟೇಬಲ್ ಪರ್ ಕ್ಲಾಸ್ ಪದ್ಧತಿ ನಿಮಗೆ ಬೇಡ. ಪೇರೆಂಟಿನ ಮೇಲಿನ ಪ್ರತಿ ಕ್ವೆರಿಯೂ ಮೂರು ಟೇಬಲ್‌ಗಳ ಯೂನಿಯನ್ ಆಗುತ್ತದೆ. ಐಡಿಗೆ ಐಡೆಂಟಿಟಿ ಕಾಲಂ ಬಳಸಲು ಹೈಬರ್ನೇಟ್ ಬಿಡುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ ಬಿಲ್‌ಸಾಲಿನಿಂದ ಮಾಲಿಗೆ ಫಾರಿನ್ ಕೀ ಹಾಕಲಾಗದು, ತೋರಿಸಲು ಮಾಲು ಎಂಬ ಟೇಬಲೇ ಇರುವುದಿಲ್ಲ.

ಜಾಯಿನ್ಡ್‌ನಿಂದ ಸಿಂಗಲ್‌ಗೆ ಬರುವುದಾದರೆ ಬ್ಯಾಕಪ್ ತೆಗೆದ ಮೇಲೆ ಹೀಗೆ ಮಾಡಿ. ಮಾಲು ಟೇಬಲಿಗೆ ಜಾತಿ ಮತ್ತು ಸಬ್‌ಕ್ಲಾಸ್‌ಗಳ ಕಾಲಂಗಳನ್ನು ಸೇರಿಸಿ, ಸದ್ಯಕ್ಕೆ ಎಲ್ಲವೂ ಖಾಲಿ ಇರಲಿ. ಸೀರೆ ಟೇಬಲಿನಿಂದ ಐಡಿ ಹೊಂದಿಸಿ ಆ ಕಾಲಂಗಳ ಮೌಲ್ಯಗಳನ್ನು ತುಂಬಿ, ಜಾತಿಯನ್ನು ‘ಸೀರೆ’ ಎಂದು ಬರೆಯಿರಿ. ಖಣ, ನೂಲಿಗೂ ಅದನ್ನೇ ಮಾಡಿ. ಜಾತಿ ನಲ್ ಇರುವ ಸಾಲು ಸೊನ್ನೆ ಎಂದು ಎಣಿಸಿ ನೋಡಿಕೊಂಡ ನಂತರವೇ ಜಾತಿಗೆ ನಾಟ್ ನಲ್, ಮತ್ತು ಚೆಕ್ ನಿರ್ಬಂಧ. ಡಿಸ್ಕ್ರಿಮಿನೇಟರ್ ಮೌಲ್ಯವನ್ನು ಕ್ಲಾಸಿನ ಮೇಲೆ ಸ್ಪಷ್ಟವಾಗಿ ಬರೆಯಿರಿ. ಬರೆಯದಿದ್ದರೆ ಎಂಟಿಟಿಯ ಹೆಸರೇ ಮೌಲ್ಯವಾಗುತ್ತದೆ, ಮುಂದೆ ಕ್ಲಾಸ್ ಹೆಸರು ಬದಲಿಸಿದರೆ ಹಳೆಯ ಸಾಲುಗಳು ಅನಾಥವಾಗುತ್ತವೆ. ಐಡಿಗಳು ಬದಲಾಗದ ಕಾರಣ ಬಿಲ್‌ಸಾಲು ಮುಟ್ಟಬೇಕಿಲ್ಲ. ಸೀರೆ ಟೇಬಲನ್ನು ತೋರಿಸುವ ಫಾರಿನ್ ಕೀಗಳಿದ್ದರೆ, ನೇಕಾರರ ಜೋಡಣೆ ಟೇಬಲಿನಂಥವು, ಅವನ್ನು ಮಾಲಿಗೆ ತಿರುಗಿಸಿ. ಹಳೆಯ ಮೂರು ಟೇಬಲ್‌ಗಳನ್ನು ತಕ್ಷಣ ಅಳಿಸಬೇಡಿ, ತಿಂಗಳ ಲೆಕ್ಕ ಒಮ್ಮೆ ಹೊಂದಲಿ.

ಯಾವ ಪದ್ಧತಿಯಾದರೂ ಒಂದು ಮಿತಿ ಇದೆ. ಉಳಿಸಿದ ಆಬ್ಜೆಕ್ಟಿನ ಜಾತಿಯನ್ನು ಓಆರ್‌ಎಮ್ ಮೂಲಕ ಬದಲಿಸಲಾಗದು. ಸೀರೆಯಾಗಿ ಸೇರಿಸಿದ್ದು ಮುಂದೆ ರೇಷ್ಮೆಸೀರೆಯಾಗಬೇಕೆಂದರೆ ನೇರ ಎಸ್‌ಕ್ಯೂಎಲ್ ಬರೆಯಬೇಕು, ಇಲ್ಲವೇ ಅಳಿಸಿ ಮತ್ತೆ ಸೇರಿಸಬೇಕು. ಹೀಗೆ ಬದಲಾಗುವ ಗುಣವಿದ್ದರೆ ಅದಕ್ಕೆ ಸಬ್‌ಕ್ಲಾಸ್ ಬೇಡ, ಒಂದು ಕಾಲಂ ಸಾಕು.

ನಿಮ್ಮ ವಿಜಯಪುರದ ಗೆಳೆಯರಿಗೆ: ಜಾಂಗೋದ ಮಲ್ಟಿ-ಟೇಬಲ್ ಇನ್‌ಹೆರಿಟೆನ್ಸ್ ಎಂದರೆ ಜಾಯಿನ್ಡ್ ಪದ್ಧತಿಯೇ. ಪೇರೆಂಟ್ ‘ದಾಸ್ತಾನು’, ಮಗು ‘ಒಣದ್ರಾಕ್ಷಿ’ ಎಂದಿಟ್ಟುಕೊಳ್ಳೋಣ. ಮಗುವಿನ ಮಾಡೆಲ್ ಹೆಸರನ್ನು ಸಣ್ಣ ಅಕ್ಷರದಲ್ಲಿ ಬರೆದು, ಎರಡು ಅಂಡರ್‌ಸ್ಕೋರ್ ಹಾಕಿ ಪ್ರಾಪರ್ಟಿ ಹೆಸರಿಸಬೇಕು: ‘ಫಿಲ್ಟರ್(ಒಣದ್ರಾಕ್ಷಿ__ದರ್ಜೆ=...)’. ಒಂಟಿಯಾಗಿ ಬರೆದರೆ ಇನ್ನರ್ ಜಾಯಿನ್. ಕ್ಯೂ ಆಬ್ಜೆಕ್ಟ್‌ಗಳಿಂದ ಆರ್ ಜೋಡಿಸಿದರೆ ಜಾಂಗೋ ತಾನೇ ಅದನ್ನು ಲೆಫ್ಟ್ ಔಟರ್ ಮಾಡುತ್ತದೆ. ‘ಅಲ್ಲ’ ಎನ್ನಲು ‘ಎಕ್ಸ್‌ಕ್ಲೂಡ್’ ಬಳಸಲಿ. ನಲ್ ಇರುವ ಸಾಲುಗಳು ಉಳಿಯುವಂತೆ ಅದು ‘ಇಸ್ ನಾಟ್ ನಲ್’ ಸೇರಿಸಿ ಬರೆಯುತ್ತದೆ, ಅಂದರೆ ಹೈಬರ್ನೇಟ್‌ನಲ್ಲಿ ನೀವು ನಾಟ್ ಎಕ್ಸಿಸ್ಟ್ಸ್‌ನಿಂದ ಪಡೆಯುವ ಅರ್ಥ ಅಲ್ಲಿ ಪುಕ್ಕಟೆ ಸಿಗುತ್ತದೆ. ಆದರೆ ಕೈಗೆ ಬರುವ ಆಬ್ಜೆಕ್ಟ್ ಯಾವಾಗಲೂ ದಾಸ್ತಾನು, ಒಣದ್ರಾಕ್ಷಿ ಅಲ್ಲ. ‘ದಾ.ಒಣದ್ರಾಕ್ಷಿ’ ಎಂದು ಕೇಳಿದಾಗ ಮಗು ಸಿಗುತ್ತದೆ, ಬೇರೆ ಮಾಲಾಗಿದ್ದರೆ ‘ಡಸ್ ನಾಟ್ ಎಕ್ಸಿಸ್ಟ್’ ಎಕ್ಸೆಪ್ಶನ್. ಪ್ರತಿ ಸಾಲಿಗೊಂದು ಕ್ವೆರಿ ತಪ್ಪಿಸಲು ‘ಸೆಲೆಕ್ಟ್_ರಿಲೇಟೆಡ್("ಒಣದ್ರಾಕ್ಷಿ")’ ಹಾಕಲಿ. ನಿಜರೂಪದಲ್ಲೇ ಬೇಕೆಂದರೆ ಜಾಂಗೋ-ಪಾಲಿಮಾರ್ಫಿಕ್ ಎಂಬ ಪ್ಯಾಕೇಜ್ ಇದೆ, ಅದರಲ್ಲಿ ಕ್ಲಾಸ್ ಹೆಸರಿನ ನಂತರ ಮೂರು ಅಂಡರ್‌ಸ್ಕೋರ್.

ಅವರು ಎಂದಾದರೂ ಎಸ್‌ಕ್ಯೂಎಲ್‌ಆಲ್ಕೆಮಿಗೆ (ಪೈಥಾನಿನ ಇನ್ನೊಂದು ಓಆರ್‌ಎಮ್) ಹೋದರೆ ‘ಸೆಲೆಕ್ಟ್(ದಾಸ್ತಾನು).ವೇರ್(ಒಣದ್ರಾಕ್ಷಿ.ದರ್ಜೆ == ...)’ ಎಂದು ಬರೆಯಬಾರದು. ಎರಡು ಟೇಬಲ್‌ಗಳ ನಡುವೆ ಕೊಂಡಿಯೇ ಇಲ್ಲದೆ ಪ್ರತಿ ಸಾಲೂ ಪ್ರತಿ ಸಾಲಿನೊಂದಿಗೆ ಕೂಡಿಕೊಳ್ಳುತ್ತದೆ. 1.4ನೇ ಆವೃತ್ತಿಯಿಂದ ಇದಕ್ಕೆ ‘ಕಾರ್ಟೀಸಿಯನ್ ಪ್ರಾಡಕ್ಟ್’ ಎಂಬ ಎಚ್ಚರಿಕೆ ಬರುತ್ತದೆ. ‘ವಿತ್_ಪಾಲಿಮಾರ್ಫಿಕ್(ದಾಸ್ತಾನು, [ಒಣದ್ರಾಕ್ಷಿ])’ ಎಂದು ಒಂದು ಹೆಸರು ಮಾಡಿಕೊಂಡು, ಅದರ ಮೂಲಕವೇ ದರ್ಜೆಯನ್ನು ಹಿಡಿದರೆ ಲೆಫ್ಟ್ ಔಟರ್ ಜಾಯಿನ್ ಸರಿಯಾಗಿ ಬೀಳುತ್ತದೆ.